ನೆಲ ಬಿಟ್ಟವನ ಜೂಡೊ: ಪೊಪೊಲೆ ಮಿಸೆಂಗನ ಕ್ರೀಡಾಜೀವನದ ಒಂದು ಅಭ್ಯಾಸ

೧. ಪದದಿಂದಲೇ ಶುರು ಮಾಡೋಣ

ಮಿತ್ರರೆ, 'ನಿರಾಶ್ರಿತ' ಎಂಬ ಮಾತನ್ನು ನಾವು ಬಹಳ ಸಲೀಸಾಗಿ ಬಳಸುತ್ತೇವೆ. ನೆರೆ ಬಂದು ಮನೆ ಕಳಕೊಂಡವರು ನಿರಾಶ್ರಿತರು, ಅಣೆಕಟ್ಟಿನ ಮುಳುಗಡೆಗೆ ಊರು ಬಿಟ್ಟವರು ನಿರಾಶ್ರಿತರು, ಯುದ್ಧಕ್ಕೆ ಹೆದರಿ ಗಡಿ ದಾಟಿದವರೂ ನಿರಾಶ್ರಿತರೇ. ಕಾನೂನಿನಲ್ಲಿ ಮಾತ್ರ ಈ ಪದಕ್ಕೆ ಬಿಗಿಯಾದ ಅರ್ಥವಿದೆ. ೧೯೫೧ರ ವಿಶ್ವಸಂಸ್ಥೆಯ ಒಡಂಬಡಿಕೆಯ ಪ್ರಕಾರ, ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ ಮುಂತಾದ ಕಾರಣಗಳಿಗಾಗಿ ತನಗೆ ಹಿಂಸೆಯಾದೀತೆಂಬ ನ್ಯಾಯವಾದ ಭಯದಿಂದ ಸ್ವದೇಶದ ಹೊರಗಿರುವವನು, ಮತ್ತು ಆ ಭಯದಿಂದಲೇ ಹಿಂದಿರುಗಿ ಹೋಗಲಾರದವನು ನಿರಾಶ್ರಿತ.

'ಹೋಗಲಾರದವನು' ಎಂಬ ಮಾತಿಗೆ ಕೆಳಗೆ ಗೆರೆ ಎಳೆದುಕೊಳ್ಳಿ. ಮುಂಬಯಿಯಲ್ಲಿರುವ ನಾವೂ ಊರು ಬಿಟ್ಟವರೇ ಅಲ್ವಾ ಅಂತ ಯಾರಾದರೂ ಕೇಳಬಹುದು. ನಮ್ಮ ಅಜ್ಜಂದಿರ ಕಾಲದ ಎಷ್ಟೋ ಹುಡುಗರು ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕನ್ನಡ ಓದಿದ್ದು ನಿಜ. ಕಷ್ಟಪಟ್ಟದ್ದೂ ನಿಜ. ಆದರೆ ಮೇ ತಿಂಗಳು ಬಂತೆಂದರೆ ಟ್ರಂಕು ಕಟ್ಟಿ ಬಸ್ಸು ಹತ್ತಿ ಊರಿಗೆ ಹೋಗ್ತಿದ್ರು. ಊರಲ್ಲಿ ಅಮ್ಮ ಕಾಯ್ತಿದ್ದಳು. ನಾವು ವಲಸಿಗರು. ವಲಸಿಗನಿಗೆ ಹಿಂದಿನ ದಾರಿ ತೆರೆದಿರುತ್ತದೆ, ನಿರಾಶ್ರಿತನಿಗೆ ಅದು ಮುಚ್ಚಿರುತ್ತದೆ. ನಮ್ಮ ಕರ್ನಾಟಕದಲ್ಲೇ ಬೈಲಕುಪ್ಪೆ, ಮುಂಡಗೋಡಿನ ಟಿಬೆಟಿಯನ್ನರನ್ನು ನೆನೆದುಕೊಂಡರೆ ಈ ವ್ಯತ್ಯಾಸ ತಿಳಿಯುತ್ತದೆ.

ಈ ಲೇಖನದಲ್ಲಿ ಅಂಥ ಒಬ್ಬ ಆಟಗಾರನ ಕ್ರೀಡಾಜೀವನವನ್ನು ಪರಿಶೀಲಿಸೋಣ. ಹೆಸರು ಪೊಪೊಲೆ ಮಿಸೆಂಗ. ಆಟ ಜೂಡೊ. ಅವನನ್ನೇ ಏಕೆ ಆರಿಸಿದೆ ಅಂದರೆ, ಅವನು ಪದಕ ಗೆದ್ದವನಲ್ಲ. ಗೆದ್ದವರ ಕತೆಯಲ್ಲಿ ಗೆಲುವೇ ಎಲ್ಲಕ್ಕೂ ಉತ್ತರ ಹೇಳಿಬಿಡುತ್ತದೆ. ಗೆಲ್ಲದವನ ಕತೆಯಲ್ಲಿ ನಾವೇ ಯೋಚನೆ ಮಾಡಬೇಕಾಗುತ್ತದೆ.

೨. ಜೂಡೊ ಎಂದರೇನು?

ಜಪಾನಿನ ಜಿಗೊರೊ ಕಾನೊ ಎಂಬವರು ೧೮೮೨ರಲ್ಲಿ ಟೋಕಿಯೋದ ಒಂದು ದೇವಾಲಯದ ಕೋಣೆಯಲ್ಲಿ ಕೊಡೊಕಾನ್ ಎಂಬ ಶಾಲೆ ತೆರೆದರು. ಹಳೆಯ ಜುಜುತ್ಸು ಯುದ್ಧಕಲೆಯಿಂದ ಅಪಾಯದ ಪಟ್ಟುಗಳನ್ನು ತೆಗೆದು, ವಿದ್ಯಾರ್ಥಿಗಳು ದಿನನಿತ್ಯ ಅಭ್ಯಾಸ ಮಾಡಬಹುದಾದ ರೂಪ ಕೊಟ್ಟರು. ಅದೇ ಜೂಡೊ. ೧೯೬೪ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಅದಕ್ಕೆ ಮೊದಲ ಸಲ ಪ್ರವೇಶ ಸಿಕ್ಕಿತು.

ನಮ್ಮ ಗರಡಿ ಕುಸ್ತಿ ನೋಡಿದವರಿಗೆ ಜೂಡೊ ಅರ್ಥವಾಗುವುದು ಕಷ್ಟವಲ್ಲ. ಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ ಮಾಡಿದರೆ ಪಂದ್ಯ ಮುಗಿಯಿತು. ಜೂಡೊದಲ್ಲಿ ಎದುರಾಳಿಯನ್ನು ಬಲ, ವೇಗ, ಹಿಡಿತಗಳೊಡನೆ ಬೆನ್ನ ಮೇಲೆ ಬೀಳುವಂತೆ ಎಸೆದರೆ 'ಇಪ್ಪೊನ್', ಅಲ್ಲಿಗೆ ಪಂದ್ಯ ಮುಗಿಯಿತು. ನೆಲದ ಮೇಲೆ ಒತ್ತಿ ಹಿಡಿದೋ, ಕತ್ತು ಅಥವಾ ಮೊಣಕೈಯ ಪಟ್ಟು ಹಾಕಿ ಸೋಲೊಪ್ಪಿಸಿಯೋ ಇಪ್ಪೊನ್ ಪಡೆಯಬಹುದು. ವ್ಯತ್ಯಾಸವೆಂದರೆ ಇಲ್ಲಿ ಮೈಗೆ ಕೆಮ್ಮಣ್ಣಿಲ್ಲ, ದಪ್ಪ ಬಟ್ಟೆಯ ಅಂಗಿಯಿದೆ. ಆ ಅಂಗಿಯ ಕಾಲರು, ತೋಳು ಹಿಡಿದೇ ಆಟ.

ಎರಡು ಸಂಗತಿಗಳು ನಮ್ಮ ಅಭ್ಯಾಸಕ್ಕೆ ಮುಖ್ಯ. ಒಂದು, ಜೂಡೊದಲ್ಲಿ ಮೊದಲ ಪಾಠವೇ ಬೀಳುವುದು. ಪೆಟ್ಟಾಗದಂತೆ ಬೀಳಲು ಕಲಿತ ಮೇಲೆಯೇ ಎಸೆಯುವುದನ್ನು ಹೇಳಿಕೊಡುತ್ತಾರೆ. ಎರಡು, ಜೂಡೊ ಒಬ್ಬನೇ ಕಲಿಯುವ ವಿದ್ಯೆಯಲ್ಲ. ಓಟಗಾರ ರಸ್ತೆಯಲ್ಲಿ ಒಬ್ಬನೇ ಓಡಬಹುದು. ಜೂಡೊ ಆಟಗಾರನಿಗೆ ತನ್ನ ಮೈಯನ್ನು ಅವನ ಕೈಗೆ ಒಪ್ಪಿಸುವ ಇನ್ನೊಬ್ಬ ಬೇಕು. ಇಬ್ಬರ ಅಭ್ಯಾಸದಿಂದ ಇಬ್ಬರಿಗೂ ಒಳಿತಾಗಬೇಕು ಎಂಬುದು ಕಾನೊ ಅವರ ಮುಖ್ಯ ತತ್ವಗಳಲ್ಲೊಂದು. ಇದನ್ನು ನೆನಪಿಟ್ಟುಕೊಂಡು ಮುಂದೆ ಹೋಗೋಣ.

೩. ಬುಕಾವುದಿಂದ ಕಿನ್ಶಾಸಾಕ್ಕೆ

ಪೊಪೊಲೆ ಹುಟ್ಟಿದ್ದು ೧೯೯೨ರಲ್ಲಿ, ಮಧ್ಯ ಆಫ್ರಿಕದ ಆಗಿನ ಜೈರೆ ದೇಶದ ಬುಕಾವು ನಗರದಲ್ಲಿ. ಕಿವು ಸರೋವರದ ದಡದಲ್ಲಿ, ರುವಾಂಡದ ಗಡಿಗೆ ಅಂಟಿಕೊಂಡ ಊರು ಅದು. ೧೯೯೬ರಿಂದ ಆ ಪೂರ್ವ ಭಾಗದಲ್ಲಿ ಯುದ್ಧ ಹೊತ್ತಿಕೊಂಡಿತು. ೧೯೯೭ರಲ್ಲಿ ಸರಕಾರ ಬಿದ್ದು ದೇಶದ ಹೆಸರು ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ ಎಂದಾಯಿತು. ೧೯೯೮ರಲ್ಲಿ ಎರಡನೆಯ ಯುದ್ಧ ಶುರುವಾಗಿ ೨೦೦೩ರ ತನಕ ನಡೆಯಿತು. ನೆರೆಹೊರೆಯ ಹಲವು ದೇಶಗಳ ಸೈನ್ಯಗಳು ಅದರಲ್ಲಿ ತೊಡಗಿದ್ದವು. ಹೆಸರು ದೊಡ್ಡದಾಯಿತು, ಜನರ ಬದುಕು ಚೂರಾಯಿತು.

ಕಿಸಂಗಾನಿ ನಗರದ ಹೋರಾಟದಿಂದ ತಪ್ಪಿಸಿಕೊಳ್ಳುವಾಗ ಈ ಹುಡುಗ ಮನೆಯವರಿಂದ ಬೇರೆಯಾದ. ಎಂಟು ದಿನ ಕಾಡಿನಲ್ಲಿ ಅಡಗಿದ್ದ. ಆಮೇಲೆ ಯಾರೋ ಅವನನ್ನು ಕಂಡು ರಕ್ಷಿಸಿ ರಾಜಧಾನಿ ಕಿನ್ಶಾಸಾಕ್ಕೆ ಸಾಗಿಸಿದರು. ಅಲ್ಲಿ ನೆಲೆ ತಪ್ಪಿದ ಮಕ್ಕಳಿಗಾಗಿ ಇದ್ದ ಒಂದು ಕೇಂದ್ರದಲ್ಲಿ ಅವನು ಜೂಡೊ ಕಲಿತ. ಅದೇ ಬುಕಾವುವಿನ ಯೊಲಾಂಡೆ ಮಬಿಕಾ ಎಂಬ ಹುಡುಗಿಯ ಕತೆಯೂ ಹೆಚ್ಚು ಕಡಿಮೆ ಇದೇ. ಅವಳೂ ತಂದೆತಾಯಿಗಳಿಂದ ಅಗಲಿ ಕಿನ್ಶಾಸಾಕ್ಕೆ ಬಂದು ಜೂಡೊ ಹಿಡಿದವಳು.

ಇಬ್ಬರೂ ರಾಷ್ಟ್ರೀಯ ಮಟ್ಟಕ್ಕೆ ಏರಿದರು. ಇಲ್ಲಿಗೆ ಕತೆ ಸುಖಾಂತ್ಯ ಆಗಬೇಕಿತ್ತು, ಆಗಲಿಲ್ಲ. ಪಂದ್ಯ ಸೋತು ಬಂದರೆ ತರಬೇತುದಾರರು ಕತ್ತಲೆ ಕೋಣೆಯಲ್ಲಿ ಕೂಡಿಹಾಕಿ, ದಿನಗಟ್ಟಲೆ ಬರೀ ಕಾಫಿ ಬ್ರೆಡ್ಡು ಕೊಡುತ್ತಿದ್ದರೆಂದು ಪೊಪೊಲೆ ಆಮೇಲೆ ಹೇಳಿಕೊಂಡಿದ್ದಾನೆ. ಬೀಳುವುದನ್ನು ಮೊದಲ ಪಾಠವಾಗಿ ಹೇಳಿಕೊಡುವ ವಿದ್ಯೆಯಲ್ಲಿ ಬಿದ್ದವನಿಗೆ ಸೆರೆಮನೆ! ಕಾನೊ ಕೇಳಿದ್ದರೆ ಏನೆನ್ನುತ್ತಿದ್ದರೋ.

೪. ೨೦೧೩: ಹೊಟೇಲು ಬಿಟ್ಟದ್ದು

೨೦೧೩ರ ಆಗಸ್ಟಿನಲ್ಲಿ ಜಾಗತಿಕ ಜೂಡೊ ಚಾಂಪಿಯನ್‌ಶಿಪ್ ಬ್ರೆಜಿಲ್ ದೇಶದ ರಿಯೋ ಡಿ ಜನೈರೊದಲ್ಲಿ ನಡೆಯಿತು. ಕಾಂಗೊ ತಂಡದಲ್ಲಿ ಪೊಪೊಲೆ, ಯೊಲಾಂಡೆ ಇಬ್ಬರೂ ಇದ್ದರು. ಅವರ ಹೇಳಿಕೆಯಂತೆ, ತಂಡದ ಮುಖ್ಯಸ್ಥರು ಪಾಸ್‌ಪೋರ್ಟು, ದುಡ್ಡು, ಊಟದ ಚೀಟಿ ಎಲ್ಲ ತಮ್ಮ ಬಳಿ ಇಟ್ಟುಕೊಂಡು ಇವರನ್ನು ಹೊಟೇಲಿನಲ್ಲಿ ಬಿಟ್ಟು ಹೋದರು. ಹೊಟ್ಟೆಗಿಲ್ಲ, ಕೈಯಲ್ಲಿ ಕಾಸಿಲ್ಲ, ಅಲ್ಲಿನ ಪೋರ್ಚುಗೀಸ್ ಭಾಷೆ ಬರೋದಿಲ್ಲ. ಮೊದಲು ಯೊಲಾಂಡೆ ಹೊಟೇಲಿನಿಂದ ಹೊರಬಿದ್ದಳು. ಪೊಪೊಲೆಯೂ ಹೊರಟ. ಬೀದಿಯಲ್ಲಿ ಆಫ್ರಿಕದವರಂತೆ ಕಂಡವರನ್ನೆಲ್ಲ ವಿಚಾರಿಸುತ್ತಾ ಕೊನೆಗೆ ನಗರದ ಉತ್ತರಕ್ಕಿರುವ ಬ್ರಾಸ್ ದಿ ಪಿನಾ ಎಂಬ ಬಡಾವಣೆ ಸೇರಿದರು. ಅಂಗೋಲಾ, ಕಾಂಗೊ ದೇಶಗಳಿಂದ ಬಂದವರು ಅಲ್ಲಿ ವಾಸವಾಗಿದ್ದರು.

ನಮ್ಮ ಬಿ.ಕಾಂ. ಭಾಷೆಯಲ್ಲಿ ಹೇಳೋದಾದರೆ ಆ ದಿನ ಅವರ ಆಸ್ತಿಯ ಕಡೆಯ ಅಂಕಣ ಪೂರಾ ಖಾಲಿ. ಬ್ರೆಜಿಲಿನ ೧೯೯೭ರ ಕಾಯಿದೆಯಂತೆ ನಿರಾಶ್ರಿತ ಎಂದು ಅಂಗೀಕಾರವಾದವರಿಗೆ ಗುರುತಿನ ಪತ್ರವೂ ದುಡಿಯುವ ಹಕ್ಕೂ ಸಿಗುತ್ತವೆ. ಇವರಿಗೆ ಆ ಅಂಗೀಕಾರ ಸಿಕ್ಕಿದ್ದು ೨೦೧೪ರ ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ಒಂದು ವರ್ಷ ಕಳೆದಿತ್ತು. ಪೊಪೊಲೆ ಲಾರಿಗಳಿಗೆ ಸಾಮಾನು ಹೇರುವ ಕೆಲಸ ಮಾಡಿದ. ಅಲ್ಲೇ ಮದುವೆಯೂ ಆದ. ಜೂಡೊ ನಿಂತೇ ಹೋಗಿತ್ತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಇಪ್ಪತ್ತೊಂದರಿಂದ ಇಪ್ಪತ್ಮೂರು ಎಂದರೆ ಕ್ರೀಡಾಪಟುವಿನ ಮೈ ಕುದುರುವ ವಯಸ್ಸು. ನಮಗೆ ಒಂದು ವರ್ಷ ಫೇಲಾದರೆ ಅಕ್ಟೋಬರ್ ಪರೀಕ್ಷೆ ಇದೆ, ಎ.ಟಿ.ಕೆ.ಟಿ. ಇದೆ. ಮೈಯ ವರ್ಷಗಳಿಗೆ ಮರುಪರೀಕ್ಷೆ ಇಲ್ಲ.

೫. ಕಲಿತದ್ದನ್ನು ಮರೆಯುವ ಪಾಠ

ರಿಯೋದಲ್ಲಿ ರಿಯಾಸಾವ್ ಎಂಬ ಸಂಸ್ಥೆಯಿದೆ. ೨೦೦೪ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ಫ್ಲಾವಿಯೊ ಕಾಂಟೊ ಅದರ ಸ್ಥಾಪಕರು. ಕೊಳೆಗೇರಿಗಳ ಮಕ್ಕಳಿಗೆ ಜೂಡೊ ಕಲಿಸುವುದು ಅದರ ಕೆಲಸ. ಅಲ್ಲಿನ ಹಿರಿಯ ಗುರು ಜೆರಾಲ್ಡೊ ಬೆರ್ನಾರ್ಡೆಸ್, ಬ್ರೆಜಿಲಿನ ಒಲಿಂಪಿಕ್ ತಂಡಗಳಿಗೆ ತರಬೇತಿ ಕೊಟ್ಟವರು. ಪೊಪೊಲೆ, ಯೊಲಾಂಡೆ ಅವರ ಬಳಿ ಬಂದರು.

ಮೊದಮೊದಲು ಇಬ್ಬರೂ ಅಭ್ಯಾಸದಲ್ಲೇ ಜೊತೆಗಾರರನ್ನು ಜೋರಾಗಿ ಎಸೆದು ಪೆಟ್ಟು ಮಾಡುತ್ತಿದ್ದರಂತೆ. ಇದು ಸ್ವಭಾವದ ದೋಷ ಅಂತ ಹೇಳಿಬಿಡುವುದು ಸುಲಭ. ಆದರೆ ಹಿನ್ನೆಲೆ ನೋಡಿ. ಸೋತರೆ ಕತ್ತಲೆ ಕೋಣೆ ಎಂಬ ಕಡೆ ಕಲಿತವನಿಗೆ ಅಭ್ಯಾಸವೂ ಪಂದ್ಯವೇ, ಜೊತೆಗಾರನೂ ವೈರಿಯೇ. ಅಲ್ಲಿ 'ಇವತ್ತು ನೀನು ಬೀಳು, ನಾಳೆ ನಾನು ಬೀಳ್ತೀನಿ' ಎಂಬ ಒಪ್ಪಂದ ಇಲ್ಲ. ಬೆರ್ನಾರ್ಡೆಸ್ ಅವರಿಗೆ ಹೊಸ ಪಟ್ಟು ಕಲಿಸುವುದಕ್ಕಿಂತ ಹಳೆಯ ಭಯ ಬಿಡಿಸುವುದೇ ದೊಡ್ಡ ಕೆಲಸವಾಯಿತು. ಎರಡನೆಯ ವಿಭಾಗದಲ್ಲಿ ಜೂಡೊಗೆ ಇನ್ನೊಬ್ಬ ಬೇಕು ಎಂದೆನಲ್ಲ, ಅದರ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ. ನಂಬಿಕೆ ಕಳಕೊಂಡವನಿಗೆ ಈ ಆಟ ಅರ್ಧ ಮಾತ್ರ ಬರುತ್ತದೆ. ಉಳಿದರ್ಧ ಬರಬೇಕಾದರೆ ಅವನು ಮತ್ತೆ ಮನುಷ್ಯರನ್ನು ನಂಬಬೇಕು.

೬. ಧ್ವಜವಿಲ್ಲದವರಿಗೆ ಬಾಗಿಲು

ಒಲಿಂಪಿಕ್ಸಿಗೆ ಯಾರೂ ತಾವಾಗಿ ಹೋಗೋ ಹಾಗಿಲ್ಲ. ಒಂದು ದೇಶದ ಒಲಿಂಪಿಕ್ ಸಮಿತಿ ಕಳಿಸಬೇಕು. ನಿರಾಶ್ರಿತನಿಗೆ ಬಿಟ್ಟು ಬಂದ ದೇಶ ಕಳಿಸುವುದಿಲ್ಲ, ಬಂದು ಸೇರಿದ ದೇಶಕ್ಕೆ ಅವನು ಪ್ರಜೆಯಲ್ಲ. ಜೊತೆಗೆ ಅರ್ಹತೆಗೆ ಬೇಕಾದ ಅಂಕಗಳನ್ನು ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಗಳಿಸಬೇಕು. ಅಲ್ಲಿಗೆ ಹೋಗಲು ಪಾಸ್‌ಪೋರ್ಟು, ವೀಸಾ, ಖರ್ಚು ಕೊಡುವ ಫೆಡರೇಷನ್ ಬೇಕು. ಅಡಮಾನ ಇಲ್ಲದವನಿಗೆ ಸಾಲ ಇಲ್ಲ, ಸಾಲ ಸಿಗದೆ ಅಡಮಾನದ ಆಸ್ತಿ ಆಗೋದಿಲ್ಲ ಅನ್ನೋ ಹಾಗೆ ಇದು.

೨೦೧೫ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಆಗಿನ ಅಧ್ಯಕ್ಷ ಥಾಮಸ್ ಬಾಖ್ ವಿಶ್ವಸಂಸ್ಥೆಯ ಸಭೆಯಲ್ಲಿ ನಿರಾಶ್ರಿತರಿಗೆ ಅವಕಾಶ ಕೊಡುವುದಾಗಿ ಹೇಳಿದರು. ಆ ವರ್ಷದ ಕೊನೆಗೆ ಜಗತ್ತಿನಲ್ಲಿ ಬಲವಂತದಿಂದ ನೆಲೆ ತಪ್ಪಿದವರ ಸಂಖ್ಯೆ, ಸ್ವದೇಶದೊಳಗೇ ಓಡಿಹೋದವರೂ ಸೇರಿ, ೬ ಕೋಟಿ ೫೩ ಲಕ್ಷ ಎಂದು ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿ ಲೆಕ್ಕ ಹಾಕಿತ್ತು. ೪೩ ಮಂದಿ ಸಂಭವನೀಯರನ್ನು ಗುರುತಿಸಿ, ೨೦೧೬ರ ಜೂನ್ ೩ರಂದು ೧೦ ಮಂದಿಯ ತಂಡ ಪ್ರಕಟವಾಯಿತು. ಆಯ್ಕೆಗೆ ಮೂರು ಒರೆಗಲ್ಲು: ಆಟದ ಮಟ್ಟ, ವಿಶ್ವಸಂಸ್ಥೆ ಪರಿಶೀಲಿಸಿದ ನಿರಾಶ್ರಿತ ಸ್ಥಾನ, ವೈಯಕ್ತಿಕ ಪರಿಸ್ಥಿತಿ. ದಕ್ಷಿಣ ಸುಡಾನಿನ ಐವರು ಓಟಗಾರರು, ಇಥಿಯೋಪಿಯದ ಒಬ್ಬ ಮ್ಯಾರಥಾನ್ ಓಟಗಾರ, ಸಿರಿಯಾದ ಇಬ್ಬರು ಈಜುಗಾರರು, ಮತ್ತೆ ನಮ್ಮ ಈ ಇಬ್ಬರು ಜೂಡೊ ಪಟುಗಳು. ಆಗಸ್ಟ್ ೫ರ ಉದ್ಘಾಟನೆಯ ದಿನ ಅವರು ಐದು ಉಂಗುರಗಳ ಒಲಿಂಪಿಕ್ ಧ್ವಜ ಹಿಡಿದು, ಆತಿಥೇಯ ಬ್ರೆಜಿಲಿಗಿಂತ ಸ್ವಲ್ಪ ಮುಂದೆ ನಡೆದು ಬಂದರು. ಇಡೀ ಮೈದಾನ ಎದ್ದು ನಿಂತಿತು.

೭. ಆಗಸ್ಟ್ ೧೦, ೨೦೧೬

ಅವತ್ತು ಇಬ್ಬರ ಪಂದ್ಯವೂ ಇತ್ತು. ೭೦ ಕಿಲೊ ವಿಭಾಗದಲ್ಲಿ ಯೊಲಾಂಡೆ ಮೊದಲ ಪಂದ್ಯದಲ್ಲೇ ಇಸ್ರೇಲಿನ ಲಿಂಡಾ ಬೋಲ್ಡರ್‌ಗೆ ಸೋತಳು.

೯೦ ಕಿಲೊ ವಿಭಾಗದಲ್ಲಿ ಪೊಪೊಲೆಯ ಮೊದಲ ಎದುರಾಳಿ ಯಾರು ಗೊತ್ತೆ? ಪಂಜಾಬಿನ ಅವತಾರ್ ಸಿಂಗ್. ರಿಯೋಗೆ ಭಾರತದಿಂದ ಹೋಗಿದ್ದ ಒಬ್ಬನೇ ಜೂಡೊ ಪಟು. ನಮ್ಮ ದೇಶದಲ್ಲಿ ಜೂಡೊಗೆ ಎಷ್ಟು ಜನ ಗಮನ ಕೊಡುತ್ತಾರೆ, ಎಷ್ಟು ದುಡ್ಡು ಬರುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಆದ್ದರಿಂದ ಅವತಾರನ ದಾರಿಯೂ ಹೂ ಹಾಸಿದ್ದಲ್ಲ. ಪಂದ್ಯವನ್ನು ಪೊಪೊಲೆ ಗೆದ್ದ. ಸ್ಥಳೀಯ ಪ್ರೇಕ್ಷಕರು ಅವನನ್ನು ತಮ್ಮವನೇ ಎಂದು ಹೆಸರು ಹಿಡಿದು ಕೂಗುತ್ತಿದ್ದರು.

ಈ ಜಾಗದಲ್ಲಿ ಓದುಗರ ಮನಸ್ಸು ಸ್ವಲ್ಪ ಹಿಂದೆ ಮುಂದೆ ಆಗೋದು ಸಹಜ. ಇಲ್ಲಿಯ ತನಕ ಪೊಪೊಲೆಗೆ ಮರುಗುತ್ತಿದ್ದವರು 'ಅಯ್ಯೋ ನಮ್ಮವನು ಸೋತನೇ!' ಅಂದುಕೊಳ್ಳುತ್ತೇವೆ. ಇದೇ ಒಳ್ಳೆಯ ಪರೀಕ್ಷೆ. ದೂರದ ದುಃಖಕ್ಕೆ ಕನಿಕರ ಪಡಲು ಖರ್ಚಿಲ್ಲ. ಆ ದುಃಖಿ ಎದ್ದು ಬಂದು ನಮ್ಮವನನ್ನೇ ಸೋಲಿಸಿದಾಗ ಮಾತ್ರ ನಾವು ಅವನನ್ನು ನಿಜವಾಗಿ ಆಟಗಾರ ಎಂದು ನೋಡಬೇಕಾಗುತ್ತದೆ. ಅವತಾರ್ ಸಿಂಗನೂ ಅವನಿಗೆ ಕೊಟ್ಟ ದೊಡ್ಡ ಗೌರವ ಅದೇ: ಕನಿಕರ ತೋರದೆ, ಬಲ ಬಿಟ್ಟು ಆಡಿದ್ದು.

ಮುಂದಿನ ಪಂದ್ಯ ೨೦೧೫ರ ಜಾಗತಿಕ ಚಾಂಪಿಯನ್, ದಕ್ಷಿಣ ಕೊರಿಯಾದ ಗ್ವಾಕ್ ಡಾಂಗ್-ಹಾನ್ ಜೊತೆ. ಪೊಪೊಲೆ ಬಹಳ ಹೊತ್ತು ಹಿಡಿದು ನಿಂತು ಕೊನೆಗೆ ಸೋತ. ಗ್ವಾಕ್ ಆ ದಿನ ಕಂಚು ಗೆದ್ದ. ಎರಡು ದಿನ ಮುಂಚೆ ಅದೇ ಬೆರ್ನಾರ್ಡೆಸ್ ಗುರುಗಳ ಶಿಷ್ಯೆ, ರಿಯೋ ಕೊಳೆಗೇರಿಯಲ್ಲಿ ಬೆಳೆದ ರಫೇಲಾ ಸಿಲ್ವಾ, ೫೭ ಕಿಲೊ ವಿಭಾಗದಲ್ಲಿ ಚಿನ್ನ ಗೆದ್ದಿದ್ದಳು. ಒಂದೇ ಚಾಪೆಯ ಮೇಲೆ ಕಲಿತ ಒಬ್ಬಳಿಗೆ ಚಿನ್ನ, ಇನ್ನೊಬ್ಬನಿಗೆ ಒಂದು ಗೆಲುವು.

೮. ಲೆಕ್ಕ ಹೇಗೆ ಬರೆಯೋಣ?

೨೦೨೧ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿಗೂ ಪೊಪೊಲೆ ಹೋದ. ಅಲ್ಲಿ ಮೊದಲ ಪಂದ್ಯದಲ್ಲೇ ಹಂಗರಿಯ ಕ್ರಿಸ್ಟಿಯಾನ್ ತೋತ್‌ಗೆ ಸೋತ. ಜೂಡೊದ ಆರು ಜನ ನಿರಾಶ್ರಿತರು ಒಟ್ಟಾಗಿ ಮಿಶ್ರ ತಂಡದ ಸ್ಪರ್ಧೆಗೂ ಇಳಿದರು. ಜರ್ಮನಿ ಎದುರು ೪-೦ ಸೋಲು. ೨೦೨೪ರ ಪ್ಯಾರಿಸ್ ತಂಡದಲ್ಲಿ ಪೊಪೊಲೆಯ ಹೆಸರಿರಲಿಲ್ಲ.

ಹಾಗಾದರೆ ಜಮಾ-ಖರ್ಚು ಇಷ್ಟೇ: ಎರಡು ಒಲಿಂಪಿಕ್ಸ್, ವೈಯಕ್ತಿಕವಾಗಿ ಮೂರು ಪಂದ್ಯ, ಒಂದು ಗೆಲುವು, ಪದಕ ಸೊನ್ನೆ. 'ಇದಕ್ಕೆ ಇಷ್ಟುದ್ದ ಲೇಖನ ಯಾಕೆ? ಕನಿಕರಕ್ಕೆ ಕೊಟ್ಟ ಜಾಗ ಅದು' ಅನ್ನುವವರಿದ್ದಾರೆ. ಈ ಆಕ್ಷೇಪಕ್ಕೆ ನೇರ ಉತ್ತರ ಕೊಡಬೇಕು.

ಪ್ರವೇಶ ವಿಶೇಷವಾಗಿತ್ತು, ನಿಜ. ಮುಚ್ಚಿಡುವುದೇನೂ ಇಲ್ಲ. ಆದರೆ ವಿಶೇಷ ಬಾಗಿಲು ಬೇಕಾದದ್ದು ಸಾಮಾನ್ಯ ಬಾಗಿಲಿಗೆ ಬೀಗ ಬಿದ್ದಿದ್ದರಿಂದ. ಒಳಗೆ ಹೋದ ಮೇಲೆ ಚಾಪೆಯ ಮೇಲೆ ರಿಯಾಯಿತಿ ಇರಲಿಲ್ಲ. ಕಾಡಿನಲ್ಲಿ ಅಡಗಿದ ಎಂಟು ದಿನಕ್ಕೆ ರೆಫರಿ ಒಂದು ಅಂಕವನ್ನೂ ಕೊಡಲಿಲ್ಲ, ಕೊಡಲೂ ಬಾರದು. ಆಗ ಬಂದ ಒಂದು ಗೆಲುವು ಸಂಪೂರ್ಣ ಅವನ ಗಳಿಕೆ.

ಇನ್ನೊಂದು ಮಾತು. ವ್ಯಾಪಾರದ ಲೆಕ್ಕದಲ್ಲಿ ಕಣ್ಣಿಗೆ ಕಾಣದ, ಕೈಗೆ ಸಿಗದ ಆಸ್ತಿಯೂ ಇದೆ ಎಂದು ನಮಗೆ ಕಲಿಸುತ್ತಾರೆ. ಅದಕ್ಕೆ ಗುಡ್‌ವಿಲ್ ಅಂತೀವಿ. ಅಂಗಡಿ ಕೈ ಬದಲಾದಾಗಲೇ ಅದರ ಬೆಲೆ ಗೊತ್ತಾಗೋದು. ಪೊಪೊಲೆ, ಯೊಲಾಂಡೆ ಮತ್ತು ಆ ಎಂಟು ಜನ ಗಳಿಸಿದ ಆಸ್ತಿ ಆ ಜಾತಿಯದು. ಅದು ಅವರ ಖಾತೆಯಲ್ಲಿ ಕಾಣುವುದಿಲ್ಲ, ಅವರ ನಂತರ ಬಂದವರ ಖಾತೆಯಲ್ಲಿ ಕಾಣುತ್ತದೆ.

೯. ಅವನ ನಂತರ

ರಿಯೋದಲ್ಲಿ ೧೦ ಜನ ಇದ್ದ ತಂಡ ಟೋಕಿಯೋದಲ್ಲಿ ೨೯, ಪ್ಯಾರಿಸಿನಲ್ಲಿ ೩೭ ಆಯಿತು. ಪ್ಯಾರಿಸಿನಲ್ಲಿ ಕ್ಯಾಮರೂನ್ ಮೂಲದ, ಬ್ರಿಟನ್ನಿನಲ್ಲಿ ನೆಲೆಸಿದ್ದ ಸಿಂಡಿ ಎನ್‌ಗಾಂಬಾ ಬಾಕ್ಸಿಂಗಿನಲ್ಲಿ ಕಂಚು ಗೆದ್ದಳು. ನಿರಾಶ್ರಿತರ ಒಲಿಂಪಿಕ್ ತಂಡಕ್ಕೆ ಅದೇ ಮೊದಲ ಪದಕ. ಅದೇ ವರ್ಷ ಪ್ಯಾರಾಲಿಂಪಿಕ್ಸಿನಲ್ಲಿ ಅಫ್ಘಾನಿಸ್ತಾನದಿಂದ ಪಾರಾಗಿ ಬಂದ ಜಕಿಯಾ ಖುದಾದಾದಿ ಟೇಕ್ವಾಂಡೋದಲ್ಲಿ ಕಂಚು ಗೆದ್ದು, ಆ ನಿರಾಶ್ರಿತ ತಂಡಕ್ಕೂ ಮೊದಲ ಪದಕ ತಂದಳು. ಜೋರ್ಡಾನಿನ ಅಜ್ರಾಕ್ ಶಿಬಿರದಲ್ಲಿ ಟೇಕ್ವಾಂಡೋ ಕಲಿತ ಸಿರಿಯಾದ ಯಾಹ್ಯಾ ಅಲ್ ಘೊತಾನಿ ಪ್ಯಾರಿಸಿನಲ್ಲಿ ಸಿಂಡಿಯ ಜೊತೆ ಧ್ವಜ ಹಿಡಿದ.

ಕಿಮಿಯಾ ಅಲಿಜಾದೆಯ ಉದಾಹರಣೆ ನಮ್ಮ ಮೊದಲ ಪ್ರಶ್ನೆಗೆ, ಅಂದರೆ ಪದದ ಪ್ರಶ್ನೆಗೆ, ಉತ್ತರ ಕೊಡುತ್ತದೆ. ೨೦೧೬ರಲ್ಲಿ ಆಕೆ ಟೇಕ್ವಾಂಡೋದಲ್ಲಿ ಕಂಚು ಗೆದ್ದು, ಒಲಿಂಪಿಕ್ ಪದಕ ಪಡೆದ ಇರಾನಿನ ಮೊದಲ ಮಹಿಳೆಯಾದಳು. ೨೦೨೦ರಲ್ಲಿ ದೇಶ ಬಿಟ್ಟದ್ದನ್ನು ಪ್ರಕಟಿಸಿದಳು. ೨೦೨೧ರಲ್ಲಿ ನಿರಾಶ್ರಿತ ತಂಡದವಳಾಗಿ ಆಡಿ, ಎರಡು ಸಲ ಚಿನ್ನ ಗೆದ್ದಿದ್ದ ಬ್ರಿಟನ್ನಿನ ಜೇಡ್ ಜೋನ್ಸ್‌ಳನ್ನು ಸೋಲಿಸಿ, ಕಂಚಿನ ಪಂದ್ಯದಲ್ಲಿ ಸೋತಳು. ೨೦೨೪ರಲ್ಲಿ ಬಲ್ಗೇರಿಯಾದ ಪರವಾಗಿ ಕಂಚು ಗೆದ್ದಳು. ಮೂರು ಒಲಿಂಪಿಕ್ಸ್, ಮೂರು ಧ್ವಜ, ಒಬ್ಬಳೇ ಆಟಗಾರ್ತಿ. 'ನಿರಾಶ್ರಿತೆ' ಎಂಬುದು ಅವಳ ಜೀವನದ ನಡುವಿನ ಒಂದು ಸ್ಥಿತಿಯಾಗಿತ್ತು. ಅದು ಅವಳ ಕುಲವಲ್ಲ, ಗೋತ್ರವಲ್ಲ.

ಆದರೆ ಎಲ್ಲರಿಗೂ ಹಾಗೆ ಆಗುವುದಿಲ್ಲ. ೨೦೨೩ರ ಕೊನೆಗೆ ನೆಲೆ ತಪ್ಪಿದವರ ಸಂಖ್ಯೆ ೧೧ ಕೋಟಿ ೭೩ ಲಕ್ಷ ಮುಟ್ಟಿತು. ತಂಡ ೧೦ರಿಂದ ೩೭ಕ್ಕೆ ಬೆಳೆದದ್ದಕ್ಕೆ ಹಿಗ್ಗುವವರು ಈ ಎರಡನೆಯ ಅಂಕಿಯನ್ನೂ ಪಕ್ಕದಲ್ಲಿ ಬರೆದುಕೊಳ್ಳಬೇಕು. ತಂಡ ಬೆಳೆಯುವುದು ಒಳ್ಳೆಯ ಸುದ್ದಿಯೂ ಹೌದು, ಕೆಟ್ಟ ಸುದ್ದಿಯೂ ಹೌದು. ರಿಯೋ ಪಂದ್ಯಗಳಿಗೆ ಮುಂಚೆ ಪೊಪೊಲೆ ಪತ್ರಕರ್ತರ ಮುಂದೆ ಅಣ್ಣತಮ್ಮಂದಿರನ್ನು ನೆನೆದು ಅತ್ತಿದ್ದ. ಅವರ ಮುಖವೂ ನೆನಪಿಲ್ಲ, ಟಿ.ವಿ.ಯಲ್ಲಾದರೂ ಅವರು ತನ್ನನ್ನು ನೋಡಲಿ ಎಂಬುದು ಅವನ ಆಸೆಯಾಗಿತ್ತು. ಆ ಆಸೆಗೆ ಯಾವ ಸಮಿತಿಯೂ ಪದಕ ಇಟ್ಟಿಲ್ಲ.

ಚರ್ಚೆಗೆ ಪ್ರಶ್ನೆಗಳು

ನಮ್ಮ ಮುಂದಿನ ಚರ್ಚಾಕೂಟಕ್ಕೆ ಈ ನಾಲ್ಕು ಪ್ರಶ್ನೆಗಳನ್ನು ಇಡುತ್ತೇನೆ. ಯೋಚಿಸಿಕೊಂಡು ಬನ್ನಿ, ಜಗಳಕ್ಕೂ ತಯಾರಾಗಿ ಬನ್ನಿ.

(ಅ) 'ನಿರಾಶ್ರಿತ' ಎಂದರೆ ಆಶ್ರಯ ಇಲ್ಲದವನು. ಬ್ರೆಜಿಲಿನಲ್ಲಿ ಆಶ್ರಯ ಸಿಕ್ಕ ಮೇಲೂ ಪೊಪೊಲೆಯನ್ನು ಹಾಗೇ ಕರೆಯುವುದು ಸರಿಯೇ? ಕನ್ನಡದಲ್ಲಿ ಬೇರೆ ಪದ ಹುಡುಕಬಹುದೇ?

(ಆ) ಸೋತವನಿಗೆ ಶಿಕ್ಷೆ ಕೊಡುವ ತರಬೇತಿಯಿಂದ ಆಟಗಾರ ತಯಾರಾಗುತ್ತಾನೆಯೇ? ನಮ್ಮ ಶಾಲೆಗಳಲ್ಲಿ ಬೆತ್ತದ ಪಾಠ ಕಲಿತವರು ಅನುಭವದಿಂದ ಹೇಳಿ.

(ಇ) ವಿಶೇಷ ಪ್ರವೇಶ ಪಡೆದವನ ಗೆಲುವಿಗೆ ಬೆಲೆ ಕಡಿಮೆಯೇ? ಕಾಲೇಜು ಪ್ರವೇಶದ ವಿಚಾರವನ್ನೂ ಜೊತೆಗಿಟ್ಟುಕೊಂಡು ಮಾತಾಡಿ.

(ಈ) ಅವತಾರ್ ಸಿಂಗ್ ಮತ್ತು ಪೊಪೊಲೆಯ ಪಂದ್ಯದ ದಿನ ನೀವು ಪ್ರೇಕ್ಷಕರ ಸಾಲಿನಲ್ಲಿದ್ದರೆ ಯಾರ ಹೆಸರು ಕೂಗುತ್ತಿದ್ದಿರಿ? ಯಾಕೆ? ಇದಕ್ಕೆ ಉತ್ತರ ಬರೆಯುವಾಗ ಪಕ್ಕದವರ ಪುಸ್ತಕ ನೋಡಬೇಡಿ.